ಹಾಲಿನ ಲೆಕ್ಕ, ಮೈಲಿ ಲೆಕ್ಕ

"ಒಂಬತ್ತು ಸಾವಿರ ಮೈಲಿ ಅಂತೀರಿ ಅಕ್ಕಾರ, ಬರೆದಿಟ್ಟಿದ್ದು ಎಲ್ಲೈತ್ರಿ?"

2024ರ ಮಾರ್ಚ್‌ನಲ್ಲಿ ನಮ್ಮ ತೆರಿಗೆ ಲೆಕ್ಕ ನೋಡುವ ಹುಬ್ಬಳ್ಳಿಯವರು ಹೀಗೆ ಕೇಳಿದಾಗ ನಾನು ಬೆಪ್ಪಾದೆ. ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತ ಮನೆಮನೆಗೆ ಹೋಗಿ ಮಕ್ಕಳಿಗೆ ವೀಣೆ ಕಲಿಸುವವಳು ನಾನು. ಸ್ವಂತ ಕಸುಬಾದ್ದರಿಂದ ಆದಾಯ, ಖರ್ಚು ಎರಡನ್ನೂ ಶೆಡ್ಯೂಲ್ ಸಿ ಫಾರ್ಮಿನಲ್ಲಿ ತೋರಿಸಬೇಕು. ಕಸುಬಿಗಾಗಿ ಕಾರು ಓಡಿಸಿದ ಮೈಲಿಗಳನ್ನೂ ಖರ್ಚೆಂದು ತೋರಿಸಬಹುದು; 2023ರ ದರ ಮೈಲಿಗೆ 65.5 ಸೆಂಟ್. ಒಂಬತ್ತು ಸಾವಿರಕ್ಕೆ 5,895 ಡಾಲರ್ ಉಳಿಯಿತೆಂದು ಆಗಲೇ ಹಿಗ್ಗಿದ್ದೆ.

ಮೊದಲ ಪಾಠ: ಅದು ತೆರಿಗೆಯಿಂದ ಕಳೆಯುವ ಮೊತ್ತವಲ್ಲ, ಆದಾಯದಿಂದ ಕಳೆಯುವುದು. ಗ್ಯಾಸ್, ರಿಪೇರಿ, ಇನ್ಶೂರೆನ್ಸ್, ಸವಕಳಿ ಎಲ್ಲವೂ ಆ ದರದೊಳಗೇ ಬಂತು. ಟೋಲ್, ಪಾರ್ಕಿಂಗ್ ಮಾತ್ರ ಬೇರೆ.

ಆಮೇಲೆ ಕತ್ತರಿ ಶುರುವಾಯಿತು. ಮನೆಯಿಂದ ಮೊದಲ ಶಿಷ್ಯೆಯ ಮನೆಗೆ, ಕೊನೆಯವಳ ಮನೆಯಿಂದ ನಮ್ಮನೆಗೆ ಓಡಿಸಿದ್ದು ಲೆಕ್ಕಕ್ಕಿಲ್ಲ. ಅದು ದಿನನಿತ್ಯದ ಓಡಾಟ. ನಡುವೆ ಒಂದು ಪಾಠದಿಂದ ಇನ್ನೊಂದಕ್ಕೆ ಹೋದದ್ದಷ್ಟೇ ಸಲ್ಲುತ್ತದೆ. "ಮನೆಯಾಗ ಆಫೀಸ್ ಕೋಣೆ ಇದ್ರ ಮನೆಯಿಂದಲೇ ಎಣಿಸಬಹುದಿತ್ರಿ" ಎಂದರು. ವೀಣೆಯ ಕೋಣೆ ಇದೆ ಎಂದೆ. ಆದರೆ ಆ ಕೋಣೆ ಕೆಲಸಕ್ಕೇ ಮೀಸಲಾಗಿರಬೇಕಂತೆ. ನಮ್ಮದೋ, ಅತ್ತೆ ಬಂದಾಗ ಅವರ ಮಲಗುವ ಮನೆ, ಉಳಿದ ದಿನ ಮಗನ ಹೋಮ್‌ವರ್ಕ್ ಶಾಲೆ! ಶನಿವಾರ ಪಾಠದ ನಡುವೆ ಬ್ರಿಡ್ಜ್‌ವಾಟರ್‌ನ ವೆಂಕಟೇಶ್ವರನ ಗುಡಿಗೆ ಸುತ್ತು ಹಾಕಿದ ಮೈಲಿಗಳೂ ದೇವರಿಗೇ ಅರ್ಪಣೆ.

"ದಿನಾ ಆಫೀಸಿಗೆ ಹೋಗೋದು ನನ್ನದೂ ಸೇರಿಸಿ" ಎಂದು ನಮ್ಮವರು ನಡುವೆ ಬಾಯಿ ಹಾಕಿದರು. ಮನೆ-ಆಫೀಸು ಓಡಾಟಕ್ಕೆ ಯಾರಿಗೂ ರಿಯಾಯಿತಿಯಿಲ್ಲ. ಆಫೀಸಿನ ಕೆಲಸಕ್ಕೇ ಸ್ವಂತ ಕಾರು ಓಡಿಸಿದರೂ, 2018ರಿಂದ ಬಹುಪಾಲು ಸಂಬಳದಾರರಿಗೆ ಫೆಡರಲ್ ತೆರಿಗೆಯಲ್ಲಿ ಅದು ಸಿಗುವುದಿಲ್ಲ. ಕಂಪನಿಯಿಂದಲೇ ಕೇಳಿ ಪಡೆಯಬೇಕು.

ಫೋನಿನ ಕ್ಯಾಲೆಂಡರ್, ತಾಯಂದಿರ ವಾಟ್ಸ್ಆ್ಯಪ್ ಸಂದೇಶ, ಮೈಲಿ ನಮೂದಿಸಿದ ಗ್ಯಾರೇಜಿನ ಬಿಲ್ಲುಗಳನ್ನು ಹರಡಿಕೊಂಡು ಮೂರು ರಾತ್ರಿ ಕೂತೆ. ಪುರಾವೆಯಿದ್ದ ಓಡಾಟವನ್ನಷ್ಟೇ ಕೂಡಿಸಿದಾಗ ಸಿಕ್ಕಿದ್ದು 3,400 ಮೈಲಿ, 2,227 ಡಾಲರ್. ಉಳಿದದ್ದರಲ್ಲಿ ನ್ಯಾಯವಾಗಿ ಸಲ್ಲಬೇಕಾದ ಮೈಲಿಗಳೂ ಇದ್ದವು. ಬರೆದಿಟ್ಟಿರಲಿಲ್ಲ, ಹೋದವು.

ಆಗ ನೆನಪಾದವಳು ಅಮ್ಮ. ಮೈಸೂರಿನ ಮನೆಯಲ್ಲಿ ಹಾಲು ಬಾರದ ದಿನ ಗೋಡೆಯ ಕ್ಯಾಲೆಂಡರಿನ ಆ ತಾರೀಖಿಗೆ ಒಂದು ಸುತ್ತು ಹಾಕುತ್ತಿದ್ದಳು, ಅಂದಂದೇ. ತಿಂಗಳ ಕೊನೆಗೆ ಹಾಲಿನವನು ತಕರಾರು ತೆಗೆದರೆ ಅವಳು ದನಿ ಏರಿಸುತ್ತಿರಲಿಲ್ಲ, ಕ್ಯಾಲೆಂಡರ್ ಕಡೆ ಕೈ ತೋರಿಸುತ್ತಿದ್ದಳು.

ಈಗ ಕಾರಿನಲ್ಲೊಂದು ನೋಟ್‌ಬುಕ್ ಇದೆ. ತಾರೀಖು, ಎಲ್ಲಿಂದ ಎಲ್ಲಿಗೆ, ಯಾವ ಪಾಠ, ಎಷ್ಟು ಮೈಲಿ. ಎಂಜಿನ್ ಆರಿಸಿದ ಮೇಲೆ, ಬಾಗಿಲು ತೆಗೆಯುವ ಮುನ್ನ. ಜನವರಿ ಒಂದರಂದು ಓಡೋಮೀಟರಿನದೊಂದು ಫೋಟೊ. ಶೆಡ್ಯೂಲ್ ಸಿ ಎರಡು ಪ್ರಶ್ನೆ ಕೇಳುತ್ತದೆ: ಪುರಾವೆ ಇದೆಯೇ? ಅದು ಬರವಣಿಗೆಯಲ್ಲಿದೆಯೇ? ಮರುವರ್ಷ ಎರಡಕ್ಕೂ 'ಹೌದು' ಎಂದು ಗುರುತು ಹಾಕುವಾಗ ಹುಬ್ಬಳ್ಳಿಯವರು ಏನೂ ಕೇಳಲಿಲ್ಲ. ನೋಟ್‌ಬುಕ್ ಅವರ ಮುಂದೆಯೇ ಇತ್ತು.