ಹಳ್ಳಕ್ಕೆ ಸೇರುವ ಮುನ್ನ

ಮತ್ತಿಘಟ್ಟದಂತಹ ಘಟ್ಟದ ಊರುಗಳಲ್ಲಿ ಹಳ್ಳವೇ ತೋಟದ ಜೀವ, ಮನೆಯ ಕುಡಿನೀರು. ಈ ನೀರಿಗೆ ವಿಷದ್ರವ್ಯವು ಬೆರೆಯುವ ಪ್ರಸಂಗ ಬಂದಾಗ ಮಾಡತಕ್ಕದ್ದೇನೆಂಬುದನ್ನು ಅರಿತಿರುವುದು ಅವಶ್ಯ.

ವಿಷವೆಂದೊಡನೆ ದೂರದ ಕಾರ್ಖಾನೆಗಳು ನೆನಪಾಗುವುದು ಸಹಜ. ಆದರೆ ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಮೈಲುತುತ್ತವೂ ಜಲಚರಗಳಿಗೆ ವಿಷವೇ. ಒಂದು ಕಿಲೋ ಮೈಲುತುತ್ತದಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಮಲೆನಾಡಿನಂತಹ ಮೃದುನೀರಿನಲ್ಲಿ ಲೀಟರಿಗೆ ಒಂದು ಮಿಲಿಗ್ರಾಂ ತಾಮ್ರವೂ ಮೀನುಗಳಿಗೆ ಮಾರಕ. ಅಂದರೆ ಒಂದೇ ಕಿಲೋ ಮೈಲುತುತ್ತವು 2,50,000 ಲೀಟರ್ ನೀರನ್ನು ಕೆಡಿಸಬಲ್ಲದು. ಸುಣ್ಣದೊಡನೆ ಸರಿಯಾಗಿ ಬೆರೆತಾಗ ತಾಮ್ರದ ಬಹುಭಾಗ ಕರಗದ ರೂಪ ತಾಳುವುದರಿಂದ, ಸುಣ್ಣ ಸೇರದ ಬರಿಯ ಮೈಲುತುತ್ತದ ನೀರೇ ಹೆಚ್ಚು ಅಪಾಯಕರ.

ಚೆಲ್ಲಿದ ವಸ್ತುವನ್ನು ನೀರು ಹೊಯ್ದು ತೊಳೆಯಬೇಕೆಂಬುದು ಎಲ್ಲರ ಮೊದಲ ಯೋಚನೆ. ಅದೇ ದೊಡ್ಡ ಅನರ್ಥ. 1986ರ ನವೆಂಬರ್ 1ರಂದು ಸ್ವಿಟ್ಜರ್ಲೆಂಡಿನ ಬಾಸೆಲ್ ಸಮೀಪದ ಸ್ಯಾಂಡೋಜ್ ಉಗ್ರಾಣಕ್ಕೆ ಬೆಂಕಿ ಬಿದ್ದಾಗ, ಬೆಂಕಿಯನ್ನು ನಂದಿಸಲು ಬಳಸಿದ ನೀರೇ ಕೀಟನಾಶಕಗಳನ್ನು ರೈನ್ ನದಿಗೆ ಒಯ್ದಿತು. ಅಪಾರ ಮೀನುಗಳು ಸತ್ತವು. ಕೆಳಗಿನ ಊರುಗಳ ನೀರು ಸರಬರಾಜು ಕೇಂದ್ರಗಳು ನದಿಯಿಂದ ನೀರೆತ್ತುವುದನ್ನು ನಿಲ್ಲಿಸಬೇಕಾಯಿತು.

ಆದುದರಿಂದ ಕ್ರಮವು ಹೀಗಿರತಕ್ಕದ್ದು. ಉರುಳಿದ ಪಾತ್ರೆಯನ್ನು ನೆಟ್ಟಗೆ ನಿಲ್ಲಿಸಿ ಸೋರಿಕೆಯನ್ನು ತಡೆಯಬೇಕು. ಹರಿವಿನ ಮುಂದೆ ಮಣ್ಣಿನ ಒಡ್ಡು ಕಟ್ಟಬೇಕು. ಒಣ ಮಣ್ಣು ಅಥವಾ ಮರಳಿನಲ್ಲಿ ಹೀರಿಸಿ, ಕೈಚೀಲ ತೊಟ್ಟು ಬಾಚಿ, ಮುಚ್ಚಳವಿರುವ ಡಬ್ಬಿಯಲ್ಲಿ ತುಂಬಿಡಬೇಕು. ಹಳ್ಳಕ್ಕೆ ಸೇರಿಹೋಗಿದ್ದರೆ ಕೆಳಗಿನ ಮನೆಗಳಿಗೆ ಒಡನೆಯೇ ಸುದ್ದಿ ಮುಟ್ಟಿಸಿ, ಪಂಪುಗಳನ್ನು ನಿಲ್ಲಿಸಿ, ದನಗಳನ್ನು ನೀರಿಗಿಳಿಸದಂತೆ ನೋಡಿಕೊಳ್ಳಬೇಕು. ಪರಿಹಾರವೆಂದು ಹಳ್ಳಕ್ಕೆ ಸುಣ್ಣ ಸುರಿಯಕೂಡದು. ಅತಿಯಾದ ಸುಣ್ಣವೂ ಮೀನುಗಳನ್ನು ಕೊಲ್ಲುತ್ತದೆ.

ಯಲ್ಲಾಪುರದ ಅರಬೈಲು ಘಟ್ಟದಂತಹ ಹೆದ್ದಾರಿಯಲ್ಲಿ ಟ್ಯಾಂಕರ್ ಉರುಳಿದರೆ ಈ ಕೆಲಸಕ್ಕೆ ನಾವು ಕೈಹಾಕಬಾರದು. ಗಾಳಿ ಬೀಸಿ ಬರುವ ದಿಕ್ಕಿನಲ್ಲಿ ದೂರ ನಿಂತು, ಟ್ಯಾಂಕರಿನ ಫಲಕದಲ್ಲಿರುವ ವಸ್ತುವಿನ ಹೆಸರು ಮತ್ತು ಸಂಖ್ಯೆಯನ್ನು ಗುರುತಿಸಿಕೊಂಡು 112ಕ್ಕೆ ತಿಳಿಸುವುದೇ ಸರಿಯಾದ ನೆರವು.

ಹರಿವ ನೀರಿನಿಂದ ವಿಷವನ್ನು ಮರಳಿ ತೆಗೆಯುವುದು ಅಸಾಧ್ಯಪ್ರಾಯ. ಮದ್ದು ಕದಡುವ ಜಾಗವನ್ನು ಹಳ್ಳದಿಂದ ದೂರವಿರಿಸಿ, ಪಕ್ಕದಲ್ಲೊಂದು ಒಣಮಣ್ಣಿನ ರಾಶಿಯನ್ನಿಟ್ಟುಕೊಳ್ಳುವುದು ಪ್ರತಿ ತೋಟದಲ್ಲಿಯೂ ಸಾಧ್ಯ. ಅಧ್ಯಾಪಕರು ಇದನ್ನು ಮಳೆಗಾಲಕ್ಕೆ ಮುನ್ನವೇ ಮಕ್ಕಳಿಗೆ ಕಲಿಸಿದರೆ, ಪಾಠವು ಮನೆಮನೆಯ ತೋಟವನ್ನು ತಲುಪೀತು.