ಮಂಜು ಆರುವ ಮುನ್ನ

ಕಾಡುತೊಗರಿಯ ಬೀಜ ತರಲು ಹೊರಡುವವರು ಮೊದಲು ಗ್ರಾಮ ನಕಾಶೆ ನೋಡಿ, ಅರ್ಜಿ ಆಮೇಲೆ ಬರೆಯಿರಿ. ನಾನು ಅರ್ಜಿ ಮೊದಲು ಬರೆದೆ. ಒಂದು ವರ್ಷದ ಬೀಜ ನನ್ನ ಕಣ್ಣೆದುರಿಗೇ ಸಿಡಿದು ಹೋಯಿತು.

ಎರಡು ವರ್ಷದ ಹಿಂದಿನ ಜನವರಿ. ಕಾಮಗೆರೆಯಿಂದ ಗುಂಡಾಲ್ ಜಲಾಶಯದ ಕಡೆ ಹೋಗುವಾಗ ಹಿಪ್ಪುನೇರಳೆ ತೋಟಗಳು ಮುಗಿದು ಕುರುಚಲು ಶುರುವಾಗುವಲ್ಲಿ ಒಂದು ಹಳೇ ಬದು. ಅದರ ಮೇಲಿನ ಹುಲ್ಲಿಗೆಲ್ಲ ಸುತ್ತಿಕೊಂಡು ಕಾಡುತೊಗರಿ ಹಬ್ಬಿತ್ತು. ನಮ್ಮ ತೊಗರಿಯ ಹಾಗೇ ಮೂರೆಲೆ, ಆದರೆ ಗಿಡವಲ್ಲ, ಬಳ್ಳಿ. ಒಂದಂಗುಲವೂ ಇಲ್ಲದ ಕಾಯಿಯ ಮೈತುಂಬ ಒತ್ತಾದ ರೋಮ. ಶಾಸ್ತ್ರದ ಹೆಸರು ಕಜಾನಸ್ ಸ್ಕಾರಬಿಯಾಯ್ಡಿಸ್, ಹೆಸರಿನಲ್ಲೇ ಜೀರುಂಡೆ ಇದೆ. ಹಳೆಯ ಒಣಸಸ್ಯ ಹಾಳೆಗಳಲ್ಲಿ ಹುಡುಕುವವರು ಅಟೈಲೋಸಿಯ ಎಂಬ ಕುಲದಡಿ ನೋಡಬೇಕು. 1980ರ ದಶಕದಲ್ಲಿ ಸಸ್ಯಶಾಸ್ತ್ರಜ್ಞ ವಾನ್ ಡರ್ ಮಾಸೆನ್ ಆ ಕುಲವನ್ನೇ ತೊಗರಿಯ ಕುಲಕ್ಕೆ ಸೇರಿಸಿದರು.

ಈ ಬಳ್ಳಿಗೆ ಯಾಕಿಷ್ಟು ಪಾಡು ಎಂದು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದವರು ಕೇಳುವುದಿಲ್ಲ. ಕಾಯಿಕೊರಕ ಬಿದ್ದ ವರ್ಷ ತೊಗರಿಯಲ್ಲಿ ಏನು ಉಳಿಯುತ್ತದೆಂದು ಅವರಿಗೆ ಗೊತ್ತು. ಅದೇ ಹುಳುವಿನ ಮರಿ ಕಾಡುತೊಗರಿಯ ರೋಮ ದಾಟಿ ಕಾಯಿಯೊಳಗೆ ಇಳಿಯಲು ಒದ್ದಾಡುತ್ತದೆ. ಊರತೊಗರಿಗೂ ಇದಕ್ಕೂ ಇರುವುದು 22 ವರ್ಣತಂತುಗಳೇ, ಅಡ್ಡತಳಿ ಮಾಡಬಹುದು. ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆಯವರು ಇದರ ಇನ್ನೊಬ್ಬ ನೆಂಟ ಕಜಾನಸ್ ಕಜಾನಿಫೋಲಿಯಸ್‌ನಿಂದ ಗಂಡುಬಂಜೆ ಗುಣ ತಂದು ಹೈಬ್ರಿಡ್ ತೊಗರಿ ಮಾಡಿದ್ದಾರೆ. ಇಂಥ ಬಳ್ಳಿ ಬದುವಿನ ಮೇಲೆ ಬೆಳೆದಿದೆ, ಆಡು ಮೇಯುತ್ತಿದೆ.

ಆಡು ಮೇಯಿಸುವ ಅಜ್ಜಿಯೇ ನನಗೆ ಅದನ್ನು ತೋರಿಸಿದ್ದು. ಆವತ್ತು ಸಂಜೆ ಕಾಯಿ ಆಗಲೇ ಕಂದು ತಿರುಗಿತ್ತು. ಅಜ್ಜಿ ಒಂದನ್ನು ಬೆರಳಲ್ಲಿ ಒತ್ತಿ, "ನಾಳ ಮಂಜು ಆರೋಕ್ ಮುಂಚೆ ಕಿತ್ಕೊಬುಡು ಕವ್ವ. ಬಿಸ್ಲು ಏರುದ್ರ ಎಲ್ಲಾ ಸಿಡ್ದೋಯ್ತದ" ಅಂದರು. ನಾನು, "ಕಾಗದ ಇಲ್ಲದೆ ಕೀಳಬಾರದು ಅಜ್ಜಿ, ಬೆಳಿಗ್ಗೆ ಕಚೇರಿಗೆ ಹೋಗಿ ಬರ್ತೀನಿ" ಅಂದೆ. ಅವರು ಮತ್ತೆ ಮಾತಾಡಲಿಲ್ಲ. ಆ ಮೌನವಾದರೂ ನನಗೆ ಅರ್ಥವಾಗಬೇಕಿತ್ತು.

ಅರಣ್ಯ ಇಲಾಖೆಯ ಅನುಮತಿ ನನ್ನ ಬಳಿ ಇತ್ತು. ಆದರೆ ಅದರಲ್ಲಿ ಬರೆದಿದ್ದ ವಲಯದ ಹೆಸರು ಬೇರೆ, ಈ ಜಾಗ ಇನ್ನೊಂದು ವಲಯಕ್ಕೆ ಸೇರುತ್ತದೆಂದು ನಾನೇ ತೀರ್ಮಾನಿಸಿಕೊಂಡಿದ್ದೆ. ಬೆಳಿಗ್ಗೆ 8 ಗಂಟೆಗೆ ಆ ವಲಯದ ಅರಣ್ಯ ಕಚೇರಿಯ ಮುಂದಿದ್ದೆ. ಅಲ್ಲಿದ್ದವರು ಕಾಗದವನ್ನು ಎರಡು ಸಲ ತಿರುಗಿಸಿ ನೋಡಿ, ಸಾಹೇಬರು ಚಿಕ್ಕಲ್ಲೂರು ಜಾತ್ರೆಯ ಬಂದೋಬಸ್ತಿಗೆ ಹೋಗಿದ್ದಾರೆ, ಕೂತಿರಿ ಅಂದರು. ಬನದ ಹುಣ್ಣಿಮೆಯ ವಾರ, ರಸ್ತೆಯ ತುಂಬ ಜಾತ್ರೆಯ ಜನ. ಕೂತೆ. ಒಂಬತ್ತಾಯಿತು, ಹತ್ತಾಯಿತು. ಜಾಗ ಯಾವ ಸರ್ವೆ ನಂಬರಿನಲ್ಲಿದೆ ಎಂದು ಅವರು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಹನ್ನೊಂದೂವರೆಗೆ ಫೋನಿನಲ್ಲಿ ಒಪ್ಪಿಗೆ ಬಂತು.

ನಾನು ಬದು ಮುಟ್ಟಿದಾಗ ಹನ್ನೆರಡೂಕಾಲು. ಮೊದಲು ಕಿವಿಗೆ ಬಿತ್ತು. ಚಟ್. ಸ್ವಲ್ಪ ಬಿಟ್ಟು ಇನ್ನೊಂದು ಕಡೆ ಚಟ್. ಒಲೆಗೆ ಹಸಿ ಕಡ್ಡಿ ಇಟ್ಟಾಗ ಕೇಳಿಸುವಷ್ಟು ಸಣ್ಣ ಸದ್ದು. ಬದುವಿನ ಉದ್ದಕ್ಕೂ ಕಾಯಿ ಎರಡು ಹೋಳಾಗಿ, ಹೋಳುಗಳು ತಿರುಚಿಕೊಂಡು ಬಾಯಿಬಿಟ್ಟಿದ್ದವು. ಓಡಿಹೋಗಿ ಸಿಡಿಯದ ಒಂದು ಗೊಂಚಲಿಗೆ ಕೈ ಹಾಕಿದೆ. ಮುಟ್ಟಿದ್ದಕ್ಕೇ ಮೂರು ಕಾಯಿ ಒಟ್ಟಿಗೆ ಸಿಡಿದು ಬೀಜ ಮುಖಕ್ಕೆ ಬಡಿಯಿತು. ಇನ್ನೊಂದು ಗೊಂಚಲನ್ನು ಎರಡೂ ಅಂಗೈಯಲ್ಲಿ ಮುಚ್ಚಿ ಹಿಡಿದೆ, ಬೆರಳ ಸಂದಿಯಿಂದ ಹಾರಿದವು. ಚೀಲ ಬಿಚ್ಚಲು ಒಂದು ಕೈ ಬೇಕು, ಆ ಕೈ ಬಿಟ್ಟರೆ ಕಾಯಿ ಹೋಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ದುಪಟ್ಟಾ ತೆಗೆದು ಬಳ್ಳಿಯ ಮೇಲೆ ಹಾಸಿದೆ. ಬಟ್ಟೆಯ ಕೆಳಗಿಂದ ಚಟ್, ಚಟ್ ಅನ್ನುತ್ತಲೇ ಇತ್ತು. ಕೊನೆಗೆ ಮೊಣಕಾಲೂರಿ ಗರುಸಿನಲ್ಲಿ ಒಂದೊಂದೇ ಬೀಜ ಆಯ್ದೆ. ಕಪ್ಪುಗಂದು ಬೀಜ, ಕಪ್ಪುಗಂದು ನೆಲ. ಬೀಜದ ಬಿಳಿ ಗಂಟು ಇಲ್ಲದಿದ್ದರೆ ಅಷ್ಟೂ ಸಿಗುತ್ತಿರಲಿಲ್ಲ. ಅಜ್ಜಿ ಬಂದು ಎದುರಿಗೆ ಕೂತು ತಾವೂ ಆಯ್ದರು. ನಾನು ಹೇಳಿರಲಿಲ್ಲವಾ ಎಂದು ಒಂದು ಮಾತೂ ಆಡಲಿಲ್ಲ. ಮೂರು ಗಂಟೆಗೆ ಎಣಿಸಿದಾಗ ಒಟ್ಟು 43.

ತಿಂಗಳಾದ ಮೇಲೆ ಗ್ರಾಮ ನಕಾಶೆ ಕೈಗೆ ಬಂತು. ಆ ಬದು ಹತ್ತಿರದ ಹುಲಿ ಸಂರಕ್ಷಿತ ಪ್ರದೇಶದ ಹೊರಗೆ, ಗೋಮಾಳದಲ್ಲಿತ್ತು. ಅರಣ್ಯದವರ ಸಹಿಯೇ ಬೇಕಿರಲಿಲ್ಲ. ಪಂಚಾಯಿತಿಗೆ, ಅಲ್ಲಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಗೆ ತಿಳಿಸಿದ್ದರೆ ಸಾಕಿತ್ತು. ಆ ಕಚೇರಿಯವರ ಮೇಲಿನ ಸಿಟ್ಟು ಇನ್ನೂ ಇಳಿದಿಲ್ಲ. ಅಜ್ಜಿಯ ಮಾತಿಗಿಂತ ನನ್ನ ಊಹೆಯೇ ದೊಡ್ಡದೆಂದುಕೊಂಡ ನನ್ನ ಹಟದ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಕಾಡಿನೊಳಗಾದರೆ ಅನುಮತಿ ಬೇಕೇ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅರ್ಜಿಯಲ್ಲಿ ಸುತ್ತಲಿನ ಎಲ್ಲ ವಲಯಗಳ ಹೆಸರನ್ನೂ ಬರೆಸಿಕೊಳ್ಳಿ, ಡಿಸೆಂಬರಿಗೆ ಮುಂಚೆ ಕಾಗದ ಕೈಯಲ್ಲಿರಲಿ.

ಉಳಿದದ್ದು ಕೈಕೆಲಸ. ಕಾಯಿ ಹಸಿರು ಬಿಟ್ಟು ಕಂದಿಗೆ ತಿರುಗುವಾಗಲೇ ಗೊಂಚಲಿಗೆ ತೆಳುಬಟ್ಟೆಯ ಚೀಲ ಕಟ್ಟಿ, ಸಿಡಿದರೂ ಬೀಜ ಒಳಗೇ ಬೀಳುತ್ತದೆ. ಕೀಳುವುದಾದರೆ ಬೆಳಿಗ್ಗೆ, ಎಲೆ ಒದ್ದೆಯಿರುವಾಗ. ಪ್ಲಾಸ್ಟಿಕ್ ಕವರಿಗೆ ಹಾಕಬೇಡಿ, ಬೂಸಲು ಹಿಡಿಯುತ್ತದೆ. ಒಂದೇ ಬಳ್ಳಿಯನ್ನು ಬರಿದು ಮಾಡದೆ ಆದಷ್ಟು ಬಳ್ಳಿಗಳಿಂದ ಸ್ವಲ್ಪ ಸ್ವಲ್ಪ ತೆಗೆಯಿರಿ, ಆ ದಿನ ಮಾಗಿದ್ದರಲ್ಲಿ ಐದನೇ ಒಂದು ಪಾಲು ದಾಟದಿರಲಿ. ಇನ್ನು ಬಿತ್ತುವಾಗ: 43ರಲ್ಲಿ 15 ಬೀಜ ಹಾಗೇ ಹಾಕಿದೆ, ಮೊಳೆತದ್ದು ಒಂದು. ಸಿಪ್ಪೆ ಕಲ್ಲಿನಷ್ಟು ಗಟ್ಟಿ. ಉಳಿದ 28ಕ್ಕೆ ಬ್ಲೇಡಿನಿಂದ ಗಂಟಿನ ಎದುರು ಬದಿಯಲ್ಲಿ ಸಣ್ಣ ಕಚ್ಚು ಹಾಕಿದೆ, 22 ಎದ್ದವು.

ಮರುವರ್ಷ ಚೀಲಗಳನ್ನು ಹೊಲಿಸಿಕೊಂಡು ಡಿಸೆಂಬರಿನಲ್ಲೇ ಹೋದೆ. ಬದುವಿನ ಅರ್ಧವನ್ನು ಜೆಸಿಬಿ ಕೆರೆದುಹಾಕಿತ್ತು. ಮಿಕ್ಕ ಅರ್ಧದಲ್ಲಿ ಬಳ್ಳಿ ಇತ್ತು, ಚೀಲ ಕಟ್ಟಿ ಬಂದೆ. ವಾರ ಬಿಟ್ಟು ನೋಡಿದರೆ ಆಡುಗಳು ಬಟ್ಟೆಯ ಸಮೇತ ಮುಕ್ಕಾಲು ಪಾಲು ತಿಂದಿದ್ದವು. ಅಜ್ಜಿ ಅದನ್ನು ಮನಸ್ಸಿಗೆ ಹಚ್ಚಿಕೊಂಡುಬಿಟ್ಟರು. ಈ ಸಲ ಹೂವಿನ ಕಾಲದಲ್ಲೇ ಮೊಮ್ಮಗನ ಕೈಲಿ ಫೋನ್ ಮಾಡಿಸಿದರು: "ಸುತ್ತ ಜಾಲಿಮುಳ್ಳ ಮಡ್ಗಿವ್ನಿ ಕವ್ವ. ಚೀಲ ತಕ್ಕೊಂಡು ಬಾ."