ತಂದೆತಾಯಿಯರೊಡನೆ ಕೇದಾರದ ಹಾದಿ

ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರ ಸುಮಾರು 1,930 ಮೀಟರು. ಕೇದಾರನಾಥದ ಕಾಲ್ನಡಿಗೆ ಆರಂಭವಾಗುವ ಗೌರೀಕುಂಡವೇ ಹೆಚ್ಚುಕಡಿಮೆ ಆ ಎತ್ತರದಲ್ಲಿದೆ. ಅಲ್ಲಿಂದ ಸುಮಾರು 16 ಕಿ.ಮೀ. ಏರಿ 3,583 ಮೀಟರು ಎತ್ತರದ ದೇಗುಲವನ್ನು ಸೇರಬೇಕು. 2013ರ ಜೂನ್ ತಿಂಗಳ ಪ್ರಳಯದಲ್ಲಿ ನಡುದಾರಿಯ ರಾಮಬಾಡಾ ಕೊಚ್ಚಿಹೋದ ತರುವಾಯ ಹಾದಿಯ ಮೇಲ್ಭಾಗವನ್ನು ಮಂದಾಕಿನಿಯ ಇನ್ನೊಂದು ದಡಕ್ಕೆ ಸಾಗಿಸಲಾಯಿತು. ಹಿಂದಿನ 14 ಕಿ.ಮೀ. ದಾರಿ ಉದ್ದವಾಯಿತು.

ಇಲ್ಲಿಯ ರಾವಲರು ಪರಂಪರೆಯಿಂದ ಕನ್ನಡನಾಡಿನ ವೀರಶೈವ ಜಂಗಮರು. ನಮ್ಮ ಹಿರಿಯರಿಗೆ ಈ ಕ್ಷೇತ್ರದ ಸೆಳೆತವಿರುವುದು ಸಹಜವೇ. ಮುಂಬಯಿಯಲ್ಲೋ ಚೆನ್ನೈಯಲ್ಲೋ ನೆಲೆಸಿದ ಮಕ್ಕಳು ಊರಿನಿಂದ ತಂದೆತಾಯಿಯರನ್ನು ಕರೆಸಿಕೊಂಡು, ಸಿಕ್ಕಿದ ಒಂದು ವಾರದ ರಜೆಯಲ್ಲಿ ಯಾತ್ರೆಯನ್ನು ಮುಗಿಸಹೊರಡುತ್ತಾರೆ. ಅಪಾಯದ ಬೀಜವಿರುವುದು ಈ ರಜೆಯ ಲೆಕ್ಕದಲ್ಲಿಯೇ ಹೊರತು ಹಿರಿಯರ ವಯಸ್ಸಿನಲ್ಲಲ್ಲ.

ಎತ್ತರದ ಗಾಳಿಯಲ್ಲಿಯೂ ಆಮ್ಲಜನಕದ ಪ್ರಮಾಣ ಶೇಕಡಾ 21ರಷ್ಟೇ. ಆದರೆ ವಾಯುಭಾರ ಕುಗ್ಗುವುದರಿಂದ, ಕೇದಾರದಲ್ಲಿ ಪ್ರತಿ ಉಸಿರಿಗೂ ಕಡಲತಡಿಯಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲಿನಷ್ಟು ಆಮ್ಲಜನಕ ಮಾತ್ರ ಲಭ್ಯ. ದೇಹವು ಉಸಿರನ್ನೂ ನಾಡಿಯನ್ನೂ ತೀವ್ರಗೊಳಿಸಿ ಇದಕ್ಕೆ ಹೊಂದಿಕೊಳ್ಳುತ್ತದೆ. ಆದರೆ ಅದಕ್ಕೆ ದಿನಗಳು ಬೇಕು. ಹೆಲಿಕಾಪ್ಟರಿನಲ್ಲಿ ಕೆಲವೇ ನಿಮಿಷಗಳಲ್ಲಿ ಏರಿದವರಿಗೆ ಮಂಡಿನೋವು ತಪ್ಪೀತು, ಈ ಹೊಂದಾಣಿಕೆಯ ಅವಕಾಶವೂ ತಪ್ಪುತ್ತದೆ. ಗುಪ್ತಕಾಶಿಯಲ್ಲಿ ಒಂದು ರಾತ್ರಿ, ಗೌರೀಕುಂಡದಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಭೀಮಬಲಿಯಲ್ಲೋ ಲಿಂಚೋಲಿಯಲ್ಲೋ ಇನ್ನೊಂದು ರಾತ್ರಿ ತಂಗಿ ಏರುವುದು ಲೇಸು.

ತಲೆನೋವು, ಊಟ ಸೇರದಿರುವುದು, ಓಕರಿಕೆ, ತಲೆಸುತ್ತು, ಆಯಾಸ: ಇವು ಪರ್ವತರೋಗದ ಮೊದಲ ಚಿಹ್ನೆಗಳು. ಸಾಮಾನ್ಯವಾಗಿ ಮೇಲೇರಿದ ಹಲವು ಗಂಟೆಗಳ ಬಳಿಕ, ಅಂದರೆ ರಾತ್ರಿಯ ಹೊತ್ತಿಗೆ, ಕಾಣಿಸಿಕೊಳ್ಳುತ್ತವೆ. ತೊಡಕಿರುವುದು ಇಲ್ಲಿ. “ಹೇಗಿದೆ?” ಎಂದರೆ ತಾಯಿಯ ಉತ್ತರ “ಏನಿಲ್ಲಪ್ಪ, ಚೆನ್ನಾಗಿದ್ದೇನೆ” ಎಂಬುದೇ. ಮಗನ ರಜೆ, ಖರ್ಚು, ಕೈಗೆಟುಕಿದ ದರ್ಶನ ಇವೆಲ್ಲವೂ ಆ ಮಾತಿನ ಹಿಂದೆ ಇರುತ್ತವೆ. ಆದುದರಿಂದ ಕೇಳುವುದಕ್ಕಿಂತ ನೋಡುವುದು ಮೇಲು. ತಟ್ಟೆಯಲ್ಲಿ ಅನ್ನ ಉಳಿಯಿತೇ? ಮಾತು ಕಡಿಮೆಯಾಯಿತೇ? ಒಂದು ಪಾದದ ಬೆರಳಿಗೆ ಇನ್ನೊಂದರ ಹಿಮ್ಮಡಿ ತಾಗಿಸುತ್ತ ನೇರವಾಗಿ ಹತ್ತು ಹೆಜ್ಜೆ ನಡೆಯಬಲ್ಲರೇ? ಮಂಡಿನೋವಿನವರ ನಡಿಗೆಯನ್ನು ಹೊರಡುವ ಮೊದಲೇ ಹೀಗೆ ನೋಡಿಟ್ಟುಕೊಂಡಿದ್ದರೆ ವ್ಯತ್ಯಾಸ ತಿಳಿಯುವುದು.

ನಡಿಗೆ ತೂರಾಡಿದರೆ ಅಥವಾ ಮಾತು ತೊದಲಿ ಮಂಕು ಕವಿದರೆ ಮಿದುಳಿನಲ್ಲಿ ಬಾವು ಬಂದಿರಬಹುದು. ಸುಮ್ಮನೆ ಕುಳಿತಾಗಲೂ ಏದುಸಿರು, ಬಿಡದ ಕೆಮ್ಮು, ನೊರೆಗಫ ಇದ್ದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತಿದೆಯೆಂದೇ ತಿಳಿಯಬೇಕು. ಇವೆರಡರಲ್ಲಿಯೂ ಬೆಳಗಾಗಲೆಂದು ಕಾಯಲಾಗದು; ಆಮ್ಲಜನಕ ಕೊಡಿಸಿ, ನಡೆಸದೆ ಹೊತ್ತಾದರೂ ಕೆಳಗಿಳಿಸಬೇಕು. ಹಾದಿಯುದ್ದಕ್ಕೂ ಮೂಸಲು ಕೊಡುವ ಕರ್ಪೂರದಿಂದ ಮೂಗಿಗೆ ತಂಪು. ರಕ್ತಕ್ಕೆ ಆಮ್ಲಜನಕ ಸೇರದು. ನಿದ್ರೆಮಾತ್ರೆಯೂ ಮದ್ಯವೂ ಉಸಿರಾಟವನ್ನು ಕುಂದಿಸುವುದರಿಂದ ಸಲ್ಲವು. ಅಸಿಟಜೋಲಮೈಡ್ ಮಾತ್ರೆ ರೋಗವನ್ನು ತಡೆಯಲು ಸಹಾಯಕವಾದರೂ ವೈದ್ಯರ ಸಲಹೆಯಿಲ್ಲದೆ, ಮುಖ್ಯವಾಗಿ ಸಲ್ಫಾ ಔಷಧ ಒಗ್ಗದವರು, ಸೇವಿಸಬಾರದು.

ಹೃದ್ರೋಗ, ಉಬ್ಬಸ, ರಕ್ತದ ಒತ್ತಡ, ಮಧುಮೇಹ ಉಳ್ಳವರನ್ನು ಹೊರಡುವುದಕ್ಕೆ ತಿಂಗಳಿಗೂ ಮುಂಚೆಯೇ ವೈದ್ಯರಿಗೆ ತೋರಿಸುವುದು ಅಗತ್ಯ. ನಿತ್ಯದ ಮಾತ್ರೆಗಳು ಕುದುರೆಯ ಮೇಲಿನ ಗಂಟಿನಲ್ಲಲ್ಲ, ಮಗನ ಜೇಬಿನಲ್ಲಿರಲಿ. ಇನ್ಸುಲಿನ್ ಹೆಪ್ಪುಗಟ್ಟಿದರೆ ಕೆಡುವುದಾದ್ದರಿಂದ ಮೈಗೆ ತಾಗಿದಂತೆ ಇಟ್ಟುಕೊಳ್ಳಬೇಕು. ಹೊಸ ಬೂಟನ್ನು ನಗರದಲ್ಲಿಯೇ ಕೆಲವು ವಾರ ಮೆಟ್ಟಿ ಹದಗೊಳಿಸಬೇಕು. ಮಧುಮೇಹಿಯ ಪಾದದಲ್ಲಿ ಸಣ್ಣ ಬೊಕ್ಕೆಯೂ ದೊಡ್ಡ ಹುಣ್ಣಾದೀತು. ಮಂಡಿಗೆ ಹೆಚ್ಚು ಭಾರ ಬೀಳುವುದು ಇಳಿಯುವಾಗ. ಆಗ ಊರುಗೋಲು ತಂದೆಯ ಕೈಯಲ್ಲಿರಲಿ, ಮಗ ಒಂದು ಹೆಜ್ಜೆ ಮುಂದೆ, ಇಳಿಜಾರಿನ ಬದಿಯಲ್ಲಿ ನಡೆಯಲಿ.